ಹಕ್ಕಿಯ ಚಿತ್ರ ಮತ್ತು ಈರ್ಯಾಸಮಿತಿ

ನಿವೃತ್ತಿಯ ಬಳಿಕ ಹಕ್ಕಿಗಳ ಛಾಯಾಗ್ರಹಣವನ್ನು ಹವ್ಯಾಸವಾಗಿ ಕೈಗೊಂಡ ಶ್ರಾವಕರೊಬ್ಬರಿಗೆ, ಇದರಲ್ಲಿ ಯಾವ ಜೀವಕ್ಕೂ ನೋವಿಲ್ಲವೆಂಬ ಸಮಾಧಾನವಿತ್ತು. ಹಳೆಯ ಫಿಲ್ಮಿನ ಲೇಪದಲ್ಲಿ ಪ್ರಾಣಿಗಳ ಮೂಳೆ, ಚರ್ಮಗಳಿಂದ ತೆಗೆದ ಜೆಲಟಿನ್ ಇರುತ್ತದೆ. ಬಸದಿಯ ಉತ್ಸವಗಳನ್ನೆಲ್ಲ ಅದರಲ್ಲಿಯೇ ಸೆರೆಹಿಡಿದ ನಮ್ಮ ಹಿರಿಯರಲ್ಲಿ ಇದನ್ನು ಅರಿತವರು ವಿರಳ. ಡಿಜಿಟಲ್ ಕ್ಯಾಮೆರಾದಲ್ಲಿ ಫಿಲ್ಮಿನ ಗೊಡವೆಯೇ ಇಲ್ಲ.

ಮೊದಲ ತಿಂಗಳುಗಳ ಚಿತ್ರಗಳೆಲ್ಲ ಮಸುಕು. ಸೂರ್ಯ ಬೆನ್ನ ಹಿಂದಿರಬೇಕು, ಹಾರುವ ಹಕ್ಕಿಗೆ ಷಟರ್ ಸೆಕೆಂಡಿನ 1/1000 ಭಾಗದಷ್ಟಾದರೂ ಚುರುಕಾಗಿರಬೇಕು, ಹಕ್ಕಿಯ ಕಣ್ಣು ಸ್ಫುಟವಾಗಿರಬೇಕು ಎಂಬುದನ್ನು ಅವರು ಕ್ರಮೇಣ ಕಲಿತರು. ಬೆನ್ನಟ್ಟಿದರೆ ಹಾರಿಹೋಗುವ ಮಿಂಚುಳ್ಳಿ, ಕೆರೆಯ ಏರಿಯ ಮೇಲೆ ಅಲುಗದೆ ಕುಳಿತರೆ ತಾನಾಗಿ ಸಮೀಪಕ್ಕೆ ಬರುವುದೆಂಬುದನ್ನೂ ಕಂಡುಕೊಂಡರು.

ಒಂದು ಏಪ್ರಿಲ್ ತಿಂಗಳ ಮುಂಜಾನೆ ಈ ಪಾಠ ಮರೆತುಹೋಯಿತು. ಒಣಗಿದ ಕೆರೆಯಂಗಳದಲ್ಲಿ ಟಿಟ್ಟಿಭವೊಂದು ಕೂಗುತ್ತ ಅವರ ತಲೆಯ ಮೇಲೆಯೇ ಸುತ್ತತೊಡಗಿತು. ಇಂಥ ಅವಕಾಶ ಮತ್ತೆ ದೊರೆಯದೆಂದು ಅವರು ಮಸೂರದಿಂದ ಕಣ್ಣು ತೆಗೆಯದೆ, ಹಿಂದೆ ಮುಂದೆ ಹೆಜ್ಜೆಯಿಡುತ್ತ, ಕಾಲು ಗಂಟೆ ಚಿತ್ರ ತೆಗೆದರು. ಬ್ಯಾಟರಿ ಬದಲಿಸಲು ತಲೆ ಬಗ್ಗಿಸಿದಾಗ ಪಾದದಿಂದ ಗೇಣುದೂರದಲ್ಲಿ ನಾಲ್ಕು ಮೊಟ್ಟೆಗಳಿದ್ದವು. ಗೂಡೆಂಬುದಿಲ್ಲ, ನೆಲದಲ್ಲೊಂದು ಸಣ್ಣ ತಗ್ಗು, ಸುತ್ತ ಬೆಣಚುಕಲ್ಲು, ಮಣ್ಣಿನದೇ ಬಣ್ಣದ ಮೊಟ್ಟೆಗಳು. ಬಿಸಿಲು ಏರಿದಂತೆ ಈ ಹಕ್ಕಿ ಮೊಟ್ಟೆಗಳಿಗೆ ತನ್ನ ಮೈಯನ್ನೇ ನೆರಳಾಗಿಸುತ್ತದೆ. ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ತೋಯಿಸಿ ತಂದು ತಂಪೆರೆಯುತ್ತದೆ. ಅಷ್ಟು ಹೊತ್ತೂ ಅವು ಬರಿಯ ಬಿಸಿಲಿನಲ್ಲಿದ್ದವು.

ನಾಲ್ಕು ಮೊಳದಷ್ಟು ನೆಲವನ್ನು ನೋಡುತ್ತ ನಡೆಯಬೇಕೆಂಬ ಈರ್ಯಾಸಮಿತಿ ಮುನಿಗಳ ಆಚಾರವೆಂದು ಶ್ರಾವಕರು ಸಾಮಾನ್ಯವಾಗಿ ಬದಿಗಿಡುತ್ತಾರೆ. ಕ್ಯಾಮೆರಾ ಹಿಡಿದವರಿಗಾದರೂ ಆ ಸಡಿಲಿಕೆ ಸಲ್ಲದು. ಅವರಲ್ಲಿ ಕೊಲ್ಲುವ ಸಂಕಲ್ಪವಿರಲಿಲ್ಲ, ನಿಜ. ಆದರೆ ತತ್ತ್ವಾರ್ಥಸೂತ್ರ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮುಂದಿಡುತ್ತದೆ.

ಬಂದ ಹೆಜ್ಜೆಗುರುತುಗಳ ಮೇಲೆಯೇ ಕಾಲಿಡುತ್ತ ಅವರು ಹಿಂದೆ ಸರಿದು, ದೂರದ ಜಾಲಿಮರದ ಕೆಳಗೆ ಕುಳಿತರು. ಹಕ್ಕಿ ಬಹಳ ಹೊತ್ತಿನ ಮೇಲೆ ಇಳಿಯಿತು. ಅತ್ತಿತ್ತ ಓಡಾಡಿ, ಕೊನೆಗೆ ಮೊಟ್ಟೆಗಳ ಮೇಲೆ ನಿಂತಿತು. ಮರಿಗಳಾದವೋ ಇಲ್ಲವೋ, ಅವರಿಗೆ ತಿಳಿಯಲಿಲ್ಲ. ಮತ್ತೆ ಹೋಗಿ ನೋಡಿದರೆ ಕಾಗೆಗಳಿಗೂ ನಾಯಿಗಳಿಗೂ ದಾರಿ ತೋರಿಸಿದಂತಾಗುತ್ತಿತ್ತು.

ಆ ದಿನದ ಚಿತ್ರಗಳಲ್ಲೊಂದು ಅವರು ಈವರೆಗೆ ತೆಗೆದವುಗಳಲ್ಲೆಲ್ಲ ಉತ್ತಮವಾದದ್ದು. ಬಸದಿಯ ಚಿತ್ರಪ್ರದರ್ಶನಕ್ಕೆ ಕೇಳಿದಾಗ ಅವರು ಮಿಂಚುಳ್ಳಿಯ ಚಿತ್ರವನ್ನು ಕೊಟ್ಟರು.