ನಾವು ಕತ್ತರಿ ಹಿಡಿದದ್ದು

ದಿನವಿಡೀ ಕಡತಗಳಲ್ಲಿ ಮುಳುಗಿರುವ ನಮ್ಮಂಥ ಗುಮಾಸ್ತರಿಗೆ ಚಿತ್ರ ಸಂಕಲನಕಾರರಾಗುವ ಯೋಗವಿದೆಯೆಂದು ಯಾವ ಜೋಯಿಸರೂ ಹೇಳಿರಲಿಲ್ಲ. ಆದರೂ ಬಂದಿತು. ನಮ್ಮ ತಂದೆಯವರು ಕೊನೆಯ ದೀಪಾವಳಿಗೆ ಪುಣೆಗೆ ಬಂದಿದ್ದಾಗ, ಧಾರವಾಡದಲ್ಲಿ ಕಳೆದ ತಮ್ಮ ಬಾಲ್ಯವನ್ನು ಕುರಿತು ಎರಡು ಗಂಟೆ ಮಾತನಾಡಿದ್ದರು. ಅದನ್ನು ಕ್ಯಾಮರಾದಲ್ಲಿ ಹಿಡಿದಿಟ್ಟಿದ್ದೆವು. ವರ್ಷಾಂತಿಕಕ್ಕೆ ಬರುವ ಬಂಧುಗಳಿಗೆ ಅದನ್ನು ಇಪ್ಪತ್ತು ನಿಮಿಷಕ್ಕಿಳಿಸಿ ತೋರಿಸಬೇಕೆಂದು ಮನೆಯಲ್ಲಿ ತೀರ್ಮಾನವಾಯಿತು.

ಆಯುಧ ಡಾವಿಂಚಿ ರಿಸಾಲ್ವ್. ಮೊದಲು ಸಿನಿಮಾದ ಬಣ್ಣ ತಿದ್ದುವುದಕ್ಕೇ ಮೀಸಲಾಗಿದ್ದ ಈ ಡಾವಿಂಚಿಯನ್ನು ಆಸ್ಟ್ರೇಲಿಯದ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ಸಂಸ್ಥೆ 2009ರಲ್ಲಿ ಕೊಂಡಿತು. ಈಗ ಅದರಲ್ಲಿ ಸಂಕಲನವೂ ಉಂಟು, ಪುಕ್ಕಟೆಯ ಆವೃತ್ತಿಯೂ ಉಂಟು. ಪುಕ್ಕಟೆಯೆಂದರೆ ಬಿಟ್ಟೇವೆಯೇ! ಆದರೆ ಅದು ಓಡಬೇಕಾದರೆ ಮನೆಯ ಕಂಪ್ಯೂಟರಿಗೆ ಹೆಚ್ಚಿನ ಮೆಮೊರಿ ಹಾಕಿಸಬೇಕಾಯಿತು. ಪುಕ್ಕಟೆಯ ಸುಖ ಅಲ್ಲಿಗೆ ಮುಗಿಯಿತು.

ಹುರುಪಿನಿಂದ ಕೂತೆವು. ತಂದೆಯವರ ಕೆಮ್ಮು, ತಡವರಿಕೆ, ಎಲೆಯಡಿಕೆಗಾಗಿ ನಿಲ್ಲಿಸಿದ್ದು, ಸುಮ್ಮನೆ ಕೂತದ್ದು ಎಲ್ಲವನ್ನೂ ಬ್ಲೇಡಿನಿಂದ ತುಂಡರಿಸಿ ತೆಗೆದೆವು. ತೆಗೆದ ಜಾಗ ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಮೂರು ರಾತ್ರಿಗಳಲ್ಲಿ ಚಿತ್ರ ಸಿದ್ಧವಾಯಿತು. ತಾಯಿಯವರನ್ನು ಕರೆದು ತೋರಿಸಿದೆವು. ಐದು ನಿಮಿಷವೂ ನೋಡಲಿಲ್ಲ.

‘ನಿಮ್ಮಪ್ಪ ಎಂದರ ಹಿಂಗ ಪಟಪಟ ಮಾತಾಡ್ಯಾರೇನೋ? ಇವರ‍್ಯಾರೋ ಬ್ಯಾರೇನ ಅದಾರ!’ ಎಂದು ಎದ್ದು ಒಳಗೆ ಹೋದರು.

ನಮಗೆ ಎದೆ ಧಸಕ್ಕೆಂದಿತು. ಕತ್ತರಿಸಿದ್ದು ಹೋಗಿಯೇ ಬಿಟ್ಟಿತೆ? ಹೋಗಿರಲಿಲ್ಲ. ಈ ತಂತ್ರಾಂಶ ಕೆಲಸ ಮಾಡುವುದು ನಮ್ಮ ಕಚೇರಿಯ ಟಿಪ್ಪಣಿ ಹಾಳೆಯಂತೆ: ಇಷ್ಟನೆಯ ಪುಟದಿಂದ ಇಷ್ಟನೆಯ ಪುಟದವರೆಗೆ ಓದುವುದು ಎಂದು ಬರೆದುಕೊಳ್ಳುತ್ತದೆಯೇ ಹೊರತು ಮೂಲ ಕಾಗದವನ್ನು ಮುಟ್ಟುವುದಿಲ್ಲ. ಆದರೆ ದಫ್ತರದಿಂದ ಆ ಕಾಗದವೇ ಮಾಯವಾದರೆ ಟಿಪ್ಪಣಿಯಿಂದೇನು ಪ್ರಯೋಜನ? ಮದುವೆಯ ಫೋಟೋಗಳಿಗೆ ಜಾಗ ಬೇಕೆಂದು ನಮ್ಮ ಅಳಿಯ ಅದೇ ವಾರ ಆ ಡಿಸ್ಕನ್ನು ಅಳಿಸಹೊರಟಿದ್ದ. ನಾವೂ ‘ಹೇಗೂ ಸಂಕಲನ ಮುಗಿಯಿತಲ್ಲ’ ಎಂದು ತಲೆಯಾಡಿಸಿದ್ದೆವು! ಅಳಿಸಿದ್ದರೆ ತಂದೆಯವರ ಮುಖವಿರುವ ಕಡೆ ‘ಮೀಡಿಯಾ ಆಫ್‌ಲೈನ್’ ಎಂಬ ಕೆಂಪು ಪರದೆಯನ್ನು ನೋಡುತ್ತ ಕೂಡಬೇಕಾಗಿತ್ತು. ಪುಣ್ಯಕ್ಕೆ ಹುಡುಗ ಸೋಮಾರಿ.

ಟ್ರಿಮ್ ವಿಧಾನಕ್ಕೆ ತಿರುಗಿಸಿ ಒಂದು ತುಣುಕಿನ ಅಂಚು ಹಿಡಿದು ಎಳೆದೆವು. ಮುಂದಿನ ತುಣುಕುಗಳು ಸರಿದು ಜಾಗ ಕೊಟ್ಟವು, ತಂದೆಯವರ ಮೌನ ಹಿಂತಿರುಗಿತು. ಚಿಕ್ಕಂದಿನಲ್ಲೇ ತೀರಿಕೊಂಡ ಅಕ್ಕನ ಹೆಸರು ಹೇಳಿದ ಮೇಲೆ ಅವರು ಕಿಟಕಿಯತ್ತ ನೋಡುತ್ತಾರೆ, ಹನ್ನೊಂದು ಸೆಕೆಂಡು. ಏನೂ ಇಲ್ಲವೆಂದು ನಾವು ಕತ್ತರಿಸಿದ್ದ ಜಾಗ ಅದು. ಅಲ್ಲಿ ಪಕ್ಕದಿಂದ ತಾಯಿಯವರ ಕೈ ಬಂದು ಚಹದ ಲೋಟವನ್ನು ಅವರ ಮುಂದಿಟ್ಟು ಹೋಗುತ್ತದೆ.

ಚಿತ್ರ ಮೂವತ್ತನಾಲ್ಕು ನಿಮಿಷವಾಯಿತು. ವರ್ಷಾಂತಿಕದ ದಿನ ನಮ್ಮ ಸೋದರಮಾವನವರು ನಡುವೆ ತೂಕಡಿಸಿದರು. ಊಟವಾಗಿ ಎಲ್ಲರೂ ಹೋದ ಮೇಲೆ ತಾಯಿಯವರು ಬಂದು, ‘ಆ ಚಹಾ ಕೊಡೂದು ಇನ್ನೊಮ್ಮೆ ಹಚ್ಚು’ ಎಂದರು.