ತಂದೆ ಅಥವಾ ಪೋಷಕರು

ಪ್ರತಿ ವರ್ಷ ಜೂನ್ ತಿಂಗಳಲ್ಲಿ ಶಾಲಾ ದಾಖಲಾತಿಯ ಅರ್ಜಿಗಳನ್ನು ಪರಿಶೀಲಿಸುವುದು ನನ್ನ ಕೆಲಸಗಳಲ್ಲೊಂದಾಗಿತ್ತು. ಅವುಗಳಲ್ಲಿ 'ತಂದೆ / ಪೋಷಕರ ಹೆಸರು' ಎಂಬುದೊಂದು ಸಾಲು. ಅನ್ವಯಿಸದ್ದನ್ನು ಹೊಡೆದುಹಾಕಬೇಕೆಂದು ಕೆಳಗೆ ಸಣ್ಣ ಅಕ್ಷರಗಳ ಸೂಚನೆ. ಬಹುಮಂದಿ ಏನನ್ನೂ ಹೊಡೆದುಹಾಕುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ. 1991ರವರೆಗೆ ಆ ಸಾಲಿನ ಕುರಿತು ನಾನು ಯೋಚಿಸಿದವನೇ ಅಲ್ಲ.

ಆ ವರ್ಷ ನಮ್ಮ ಮಗಳನ್ನು ಒಂದನೆಯ ತರಗತಿಗೆ ಸೇರಿಸಲು ಹೋದೆ. ಮುಖ್ಯೋಪಾಧ್ಯಾಯರು ನನಗೆ ಪರಿಚಿತರೇ. ಅರ್ಜಿಯನ್ನೂ ನ್ಯಾಯಾಲಯದ ಆದೇಶವನ್ನೂ ಪಕ್ಕಪಕ್ಕದಲ್ಲಿಟ್ಟು ಓದಿ, ಅರ್ಜಿಯನ್ನು ನನ್ನತ್ತ ಸರಿಸಿದರು. "ಮಾಸ್ತರೇ, ಕೋರ್ಟಿನ ಕಾಗದದಲ್ಲಿ ನೀವು ಪಾಲಕರು ಅಂತ ಇದೆ. 'ತಂದೆ' ಅನ್ನೋದನ್ನ ಹೊಡೆದುಬಿಡಿ." ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಾನು ಲೇಖನಿ ತೆಗೆದು ಗೆರೆ ಎಳೆದೆ. ಮಗು ನನ್ನ ಪಕ್ಕದಲ್ಲೇ ನಿಂತಿತ್ತು. ಪುಣ್ಯಕ್ಕೆ ಆಗ ಅದಕ್ಕೆ ಓದಲು ಬರುತ್ತಿರಲಿಲ್ಲ.

ಬಂಧುಗಳಿಗೆ ಇದು ತಿಳಿದ ಸಂಗತಿ. ವಿದ್ಯಾರ್ಥಿಗಳಲ್ಲಿ ಅನೇಕರಿಗೆ ತಿಳಿದಿರಲಾರದು. ಮಗಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ನಮಗೆ ಮಕ್ಕಳಾಗಲಿಲ್ಲ. 1988ರಲ್ಲಿ ಮೂರು ವರ್ಷದ ಆಕೆ ನಮ್ಮ ಮನೆಗೆ ಬಂದಳು. ದತ್ತು ತೆಗೆದುಕೊಳ್ಳುತ್ತೇವೆಂದು ವಕೀಲರಲ್ಲಿ ಹೋದಾಗ ಅವರು ತಲೆಯಾಡಿಸಿದರು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆ ಹಿಂದೂ, ಬೌದ್ಧ, ಜೈನ, ಸಿಖ್ಖರಿಗೆ ಮಾತ್ರ. ಕ್ರೈಸ್ತರಿಗೆ ಅಂದು ದತ್ತಕ ಕಾಯಿದೆಯೇ ಇರಲಿಲ್ಲ. ನಮಗಿದ್ದುದು 1890ರ ಪಾಲಕ ಮತ್ತು ಪಾಲ್ಯ ಕಾಯಿದೆ. ಅದರಂತೆ ನಾವು ಪಾಲಕರು, ಆಕೆ ಪಾಲ್ಯಳು. ಆಕೆ ಪ್ರಾಪ್ತವಯಸ್ಕಳಾದ ದಿನ ಆ ಸಂಬಂಧವೂ ಮುಗಿಯುವಂಥದು. ಉಯಿಲು ಬರೆಯದೆ ನಾವು ಸತ್ತರೆ ಮನೆಯ ಮೇಲೆ ಆಕೆಗೆ ಹಕ್ಕುಂಟೆಂದು ಖಚಿತವಾಗಿ ಹೇಳುವಂತಿರಲಿಲ್ಲ.

ಇದರಲ್ಲಿದ್ದ ವಿಡಂಬನೆ ನನಗೆ ಹೊಳೆದದ್ದು ಮುಂದೊಂದು ಭಾನುವಾರ, ಆರಾಧನೆಯಲ್ಲಿ. ಮಕ್ಕಳನ್ನು ದತ್ತು ತೆಗೆದುಕೊಳ್ಳಲು ಕಾಯಿದೆಯಿಲ್ಲದ ನಾವು, ದೇವರಿಗೆ ದತ್ತು ಮಕ್ಕಳೆಂದು ಹೇಳಿಕೊಳ್ಳುವವರು! ದತ್ತುಸ್ವೀಕಾರವೆಂಬ ಅರ್ಥದ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಐದು ಸಲ ಬರುತ್ತದೆ. ಐದೂ ಪೌಲನ ಹೆಸರಿನ ಪತ್ರಿಕೆಗಳಲ್ಲಿ. ಆತನಿಗೆ ಇದು ಬರಿಯ ಅಲಂಕಾರವಾಗಿರಲಿಲ್ಲ. ರೋಮನ್ ಕಾನೂನಿನಲ್ಲಿ ದತ್ತಕನು ಹುಟ್ಟಿದ ಮನೆಯ ಅಧಿಕಾರದಿಂದ ಬಿಡುಗಡೆ ಹೊಂದಿ, ಹೊಸ ತಂದೆಯ ಹೆಸರಿಗೂ ಆಸ್ತಿಗೂ ಬಾಧ್ಯನಾಗುತ್ತಿದ್ದನು. ರೋಮಾಪುರದವರಿಗೆ ಬರೆದ ಪತ್ರಿಕೆಯ ಕಾಲ ಸುಮಾರು ಕ್ರಿ.ಶ. 57 ಎನ್ನುತ್ತಾರೆ. ಆಗ ಸಿಂಹಾಸನದ ಮೇಲಿದ್ದ ನೀರೋ, 50ರಲ್ಲಿ ಕ್ಲೌದಿಯನು ದತ್ತು ತೆಗೆದುಕೊಂಡ ಮಗ. ಕ್ಲೌದಿಯನಿಗೆ ಹೊಟ್ಟೆಯಲ್ಲಿ ಹುಟ್ಟಿದ ಮಗನಿದ್ದರೂ ಪಟ್ಟವೇರಿದವನು ದತ್ತಕ. ದತ್ತು ಮಗನೆಂದರೆ ಅರ್ಧ ಮಗನಲ್ಲ ಎಂಬುದನ್ನು ರೋಮಿನ ವಿಶ್ವಾಸಿಗಳಿಗೆ ವಿವರಿಸಬೇಕಾಗಿರಲಿಲ್ಲ. ನೀರೋ ಒಳ್ಳೆಯ ಉದಾಹರಣೆಯಲ್ಲ, ಒಪ್ಪುತ್ತೇನೆ. ಕಾನೂನಿನ ಮಟ್ಟಿಗೆ ಹೇಳಿದೆ.

ಅದೇ ಪತ್ರಿಕೆಯ ಎಂಟನೆಯ ಅಧ್ಯಾಯದಲ್ಲಿ 'ಅಬ್ಬಾ' ಎಂಬ ಅರಮಾಯಿಕ್ ಸಂಬೋಧನೆ ಬರುತ್ತದೆ. ನಮ್ಮ 'ಅಪ್ಪಾ'ಗೂ ಅದಕ್ಕೂ ಒಂದೇ ಮೂಲವೆಂದು ಪ್ರಸಂಗಗಳಲ್ಲಿ ಕೇಳಿದ್ದೇನೆ. ಕನ್ನಡ ಪಾಠ ಹೇಳಿದ ನನಗೆ ಅದು ಒಪ್ಪಿಗೆಯಿಲ್ಲ. ಎಳೆಯ ಬಾಯಿಗೆ ಸುಲಭವಾದ ಧ್ವನಿಗಳು ಎಲ್ಲ ನಾಡಿನಲ್ಲಿಯೂ ಅವೇ, ಅಷ್ಟೆ.

ಆಕೆ ಮೂರನೆಯ ತರಗತಿಯಲ್ಲಿದ್ದಾಗ ಒಂದು ಸಂಜೆ ಅಂಕಪಟ್ಟಿಯನ್ನು ಲಂಗದ ಮರೆಯಲ್ಲಿ ಹಿಡಿದು ಬಾಗಿಲಲ್ಲೇ ನಿಂತಳು. ಗಣಿತದಲ್ಲಿ ನಪಾಸು. ನಾನು ಬಾಯಿ ತೆರೆಯುವ ಮೊದಲೇ ಕೇಳಿದಳು: "ಅಪ್ಪಾ, ಮಾರ್ಕ್ಸ್ ಕಮ್ಮಿ ಬಂದ್ರೆ ನನ್ನ ವಾಪಸ್ ಕಳಿಸ್ತೀರಾ?" ಯಾರೋ ದೊಡ್ಡವರು ಮದುವೆಮನೆಯೊಂದರಲ್ಲಿ, ಆಕೆ ಕೇಳಿಸಿಕೊಳ್ಳುವಂತೆ, ಏನೋ ಆಡಿದ್ದರು. ನನ್ನ ಪತ್ನಿ ಅಡಿಗೆಮನೆಯಿಂದ ಬಂದು ಮಗುವನ್ನು ಎತ್ತಿಕೊಂಡಳು. ನಾನು ಮಾತ್ರ ಕುರ್ಚಿಯಲ್ಲಿ ಕುಳಿತೇ ಇದ್ದೆ. ಆ ಪ್ರಶ್ನೆ ನನ್ನದೂ ಆಗಿತ್ತು.

ನಾನು ಬೆಳೆದ ಸಭೆಯಲ್ಲಿ ವರ್ಷಕ್ಕೊಮ್ಮೆ ಉಜ್ಜೀವನ ಕೂಟಗಳು ನಡೆಯುತ್ತಿದ್ದವು. ಹೊರಗಿನಿಂದ ಬಂದ ಪ್ರಸಂಗಿಗಳು, ನಿಮಗೆ ರಕ್ಷಣೆಯಾದ ತಾರೀಕು ಯಾವುದು ಎಂದು ಕೇಳುವರು. ನನ್ನ ಬಳಿ ತಾರೀಕಿರಲಿಲ್ಲ. ಮೂರು ವರ್ಷ ಮೂರು ಸಲ ಕೈಯೆತ್ತಿದೆ. ಪ್ರತಿ ಸಲವೂ ಹಿಂದಿನದು ಸಾಕಾಗಲಿಲ್ಲವೆಂಬ ಭಯದಿಂದ. ಭಾನುವಾರ ಶಾಲೆಯಲ್ಲಿ ಪಾಠ ಹೇಳುವಾಗಲೂ, ಕರ್ತನ ಭೋಜನಕ್ಕೆ ಮೊಣಕಾಲೂರಿದಾಗಲೂ, ಅಂಕಪಟ್ಟಿ ಬಚ್ಚಿಟ್ಟುಕೊಂಡ ಹುಡುಗನಂತೆಯೇ ಇದ್ದೆ. ಆ ಸಂಜೆ ನನಗೆ ಕಂಡದ್ದು ಇಷ್ಟು: ಈ ಮಗು ನಮ್ಮದಾದದ್ದು ಅದು ಮಾಡಿದ ಯಾವ ಕೆಲಸದಿಂದಲೂ ಅಲ್ಲ, ನಾವು ಹೋಗಿ ಕರೆತಂದದ್ದರಿಂದ. ಬಂದ ದಿನದ ನೆನಪೂ ಅದಕ್ಕಿಲ್ಲ; ತಾರೀಕು ನಮಗೆ ಗೊತ್ತು, ಅಷ್ಟು ಸಾಕು. ಅದು ಹೆದರಿದ್ದು ನಿಜ. ಆದರೆ ಹೆದರಿಯೂ ಓಡಿಬಂದದ್ದು ನಮ್ಮ ಬಾಗಿಲಿಗೇ, ಕರೆದದ್ದು ಅಪ್ಪಾ ಎಂದೇ.

ವಕೀಲರು ತೋರಿಸಿದ ಆ 1956ರ ಕಾಯಿದೆಯಲ್ಲಿ ಹದಿನೈದನೆಯ ಪ್ರಕರಣವೊಂದಿದೆ. ವಿಧಿವತ್ತಾಗಿ ಆದ ದತ್ತಕವನ್ನು ತಂದೆತಾಯಿಗಳು ರದ್ದುಪಡಿಸುವಂತಿಲ್ಲ. ಮಗುವೂ ಬಿಟ್ಟು ಹಿಂದಿರುಗುವಂತಿಲ್ಲ. ನಮಗೆ ಅನ್ವಯಿಸದ ಆ ಕಾಯಿದೆಯಿಂದ ನಾನು ಪಡೆದ ಸಮಾಧಾನವನ್ನು ಎಷ್ಟೋ ಪ್ರಸಂಗಗಳಿಂದ ಪಡೆಯಲಿಲ್ಲ. ಸಭಾಪಾಲಕರು ಕ್ಷಮಿಸಬೇಕು.

ಹೀಗೆಂದು ಭಯ ಪೂರ್ತಿ ಹೋಯಿತೆನ್ನಲಾರೆ. ಪೌಲನೂ ಮಕ್ಕಳಾಗಿದ್ದೇವೆಂದು ಹೇಳಿದ ಅಧ್ಯಾಯದಲ್ಲೇ, ಆ ದತ್ತುಸ್ವೀಕಾರಕ್ಕಾಗಿ ಇನ್ನೂ ನರಳುತ್ತ ಕಾದಿದ್ದೇವೆಂದೂ ಹೇಳುತ್ತಾನೆ. ಮೊದಲು ಅದು ನನಗೆ ವಿರೋಧವಾಗಿ ತೋರುತ್ತಿತ್ತು. ನಮ್ಮ ಮನೆಯಲ್ಲಿ ಎರಡೂ ನಿಜವಾಗಿದ್ದವು. 2000ದ ಬಾಲನ್ಯಾಯ ಕಾಯಿದೆ, 2006ರ ಅದರ ತಿದ್ದುಪಡಿ ಎಲ್ಲ ಧರ್ಮದವರಿಗೂ ದತ್ತಕದ ದಾರಿ ತೆರೆದವು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಸ್ಪಷ್ಟಪಡಿಸಿತು. ಅಷ್ಟರಲ್ಲಿ ನಮ್ಮ ಮಗಳು ಬಾಲಕಿಯಾಗಿ ಉಳಿದಿರಲಿಲ್ಲ. ನಮ್ಮ ಕೈಯಲ್ಲಿ ಉಳಿದದ್ದು ಉಯಿಲು. ಮುಂದೆ ತಕರಾರು ಬರದಿರಲೆಂದು ಪತ್ರ ಬರೆಯುವವರು 'ಸಾಕುಮಗಳು' ಎಂದು ಹಾಕಿದ್ದರು. ನಾನು ಅದನ್ನು ಹೊಡೆದು 'ಮಗಳು' ಎಂದು ಬರೆಸಿದೆ. ನ್ಯಾಯಾಲಯದ ಆದೇಶದ ಸಂಖ್ಯೆಯನ್ನು ಗುರುತಿಗಾಗಿ ಕೆಳಗೆ ಸೇರಿಸಿದೆ. ಈ ಸಲ ಗೆರೆ ಎಳೆಯುವಾಗ ಕೈ ನಡುಗಲಿಲ್ಲ.

ಕಳೆದ ವರ್ಷ ನನಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಯಿತು. ಆಸ್ಪತ್ರೆಯ ಅರ್ಜಿಯನ್ನು ಆಕೆಯೇ ತುಂಬಿದಳು. 'ರೋಗಿಯೊಂದಿಗೆ ಸಂಬಂಧ' ಎಂಬ ಸಾಲಿಗೆ ಬಂದಾಗ ನಾನು ಓರೆಗಣ್ಣಿನಿಂದ ನೋಡುತ್ತಿದ್ದೆ, ಮಸುಕಾಗಿಯೇ ಕಂಡಿತು. ಆಕೆ ಬರೆದು, ಮುಂದಿನ ಸಾಲಿಗೆ ಹೋಗಿ, ನನ್ನ ರಕ್ತದ ಗುಂಪು ಯಾವುದೆಂದು ಕೇಳಿದಳು.