ಸೇವೆಗೆಂದು ಹೊರಟವನ ಲೆಕ್ಕ

ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಗಣಿತವನ್ನು ಬೋಧಿಸಿ ನಿವೃತ್ತನಾದ ಮೇಲೆ, ಕೈಕಾಲುಗಳಲ್ಲಿ ಕಸುವಿರುವಾಗಲೇ ಯಾವುದಾದರೊಂದು ಪರದೇಶಕ್ಕೆ ಹೋಗಿ, ಅಲ್ಲಿ ಬರಿಯ ನೋಟ ನೋಡಿ ಬಾರದೆ, ನಾಲ್ಕು ಜನಕ್ಕೆ ಉಪಯೋಗವಾಗುವ ಕೆಲಸವನ್ನು ಮಾಡಿ ಬರಬೇಕೆಂಬ ಬಯಕೆಯು ನನ್ನಲ್ಲಿ ಹುಟ್ಟಿತು. ಬಯಕೆಗೆ ವೆಚ್ಚವಿಲ್ಲ, ಪ್ರಯಾಣಕ್ಕೆ ಉಂಟು. ನನ್ನ ಕೈಯಲ್ಲಿದ್ದುದು ಪಿಂಚಣಿಯಿಂದ ಉಳಿಸಿದ್ದ ೫೦,೦೦೦ ರೂಪಾಯಿ ಮಾತ್ರ. ಈ ಸಂಗತಿಯನ್ನು ಮನೆಯಾಕೆಯ ಮುಂದೆ ಇಟ್ಟಾಗ ಆಕೆಯು ಸೊಪ್ಪು ಬಿಡಿಸುತ್ತಿದ್ದಳು. ತಲೆಯೆತ್ತದೆಯೇ, “ಮಕ್ಕಳಿಗೆ ಲೆಕ್ಕ ಹೇಳಿಕೊಡುವುದಕ್ಕೆ ಗಡಿ ದಾಟಿ ಹೋಗಬೇಕೆ? ನಮ್ಮ ಬೀದಿಯ ಕೊನೆಯ ಸರಕಾರಿ ಶಾಲೆಯಲ್ಲಿ ಮಕ್ಕಳಿಲ್ಲವೆ?” ಎಂದಳು. ಇದಕ್ಕೆ ಆಗ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರವಿಲ್ಲದ ಪ್ರಶ್ನೆಯನ್ನು ಬಿಟ್ಟು ಮುಂದಿನದಕ್ಕೆ ಹೋಗುವುದು ಪರೀಕ್ಷೆಗೆ ಕುಳಿತವರ ಹಳೆಯ ಅಭ್ಯಾಸ. ನಾನೂ ಹಾಗೆಯೇ ಮಾಡಿದೆನು.

ಯಾವ ದೇಶಕ್ಕೆ ಹೋಗುವುದು? ಮೊದಲು ಭೂತಾನವನ್ನು ಯೋಚಿಸಿದೆನು. ಅಲ್ಲಿಯ ನಾಣ್ಯವು ನಮ್ಮ ರೂಪಾಯಿಗೆ ಸರಿಸಮಾನವಾದುದು; ನಮ್ಮವರಿಗೆ ವೀಸಾದ ತೊಡಕೂ ಇಲ್ಲ. ಆದರೆ ೨೦೨೨ರ ಸೆಪ್ಟೆಂಬರಿನಿಂದ ಭಾರತೀಯ ಪ್ರವಾಸಿಗಳು ಒಂದೊಂದು ರಾತ್ರಿಗೂ ತಲೆಗೆ ೧,೨೦೦ ರೂಪಾಯಿಗಳ ಶುಲ್ಕವನ್ನು ಅಲ್ಲಿಯ ಸರಕಾರಕ್ಕೆ ಕೊಡಬೇಕಾಯಿತು. ಒಂದು ತಿಂಗಳಿಗೆ ಇದೇ ೩೬,೦೦೦ ಆಗುವುದು. ಮೂರು ದಿನ ನೋಡಿ ಬರುವವರಿಗೆ ಅದು ಸಲ್ಲಬಹುದು, ತಿಂಗಳುಗಟ್ಟಲೆ ತಂಗುವ ಬಡಪಾಯಿಗೆ ಸಲ್ಲದು. ಆಮೇಲೆ ಸಿಂಹಳ ದ್ವೀಪವನ್ನು ನೆನೆದೆನು. ಆರ್ಯರತ್ನರೆಂಬ ಶಾಲಾ ಉಪಾಧ್ಯಾಯರು ೧೯೫೮ರಲ್ಲಿ ತಮ್ಮ ವಿದ್ಯಾರ್ಥಿಗಳನ್ನು ಹಳ್ಳಿಗೆ ಕರೆದೊಯ್ದು ಕೆಲಸಕ್ಕೆ ಹಚ್ಚಿ, ಗಾಂಧೀಜಿಯವರ ಮತ್ತು ವಿನೋಬಾರವರ ವಿಚಾರಗಳ ಬೆಳಕಿನಲ್ಲಿ ಸರ್ವೋದಯ ಶ್ರಮದಾನ ಚಳುವಳಿಯನ್ನು ಕಟ್ಟಿದ್ದು ಅಲ್ಲಿಯೇ. ಅವರು ೨೦೨೪ರ ಏಪ್ರಿಲಿನಲ್ಲಿ ತೀರಿಕೊಂಡರು. ಉಪಾಧ್ಯಾಯನಾದ ನನಗೆ ಆ ನೆಲವನ್ನು ನೋಡುವ ಆಸೆಯಿದ್ದರೂ ಅಲ್ಲಿಯ ಭಾಷೆಯ ಒಂದು ಅಕ್ಷರವೂ ಬಾರದು.

ಕೊನೆಗೆ ಉಳಿದುದು ನೇಪಾಳ. ೧೯೫೦ರ ಒಪ್ಪಂದದಂತೆ ನಮ್ಮವರು ಅಲ್ಲಿಯೂ ಅವರು ಇಲ್ಲಿಯೂ ವೀಸಾ ಇಲ್ಲದೆ ಓಡಾಡಬಹುದು, ವಾಸಿಸಬಹುದು. ೧೯೯೩ರಿಂದ ನಮ್ಮ ೧೦೦ ರೂಪಾಯಿಗೆ ಅವರ ೧೬೦ ಎಂಬ ದರವು ಕದಲದೆ ನಿಂತಿದೆ. ಬರಹವು ನಾಗರಿ ಲಿಪಿಯಲ್ಲಿರುವುದರಿಂದ ಹಿಂದಿ ಬಲ್ಲವನು ಓದಬಲ್ಲನು. ಇನ್ನೊಂದು ನಂಟೂ ಉಂಟು: ಕಾಠಮಾಂಡುವಿನ ಪಶುಪತಿನಾಥನಿಗೆ ಪೂಜೆ ಸಲ್ಲಿಸುವ ಭಟ್ಟರು ನಮ್ಮ ಕರ್ನಾಟಕದ ಕಡೆಯವರು. ಅವರನ್ನು ಬಿಡಿಸಿ ನೇಪಾಳದವರನ್ನೇ ನೇಮಿಸಬೇಕೆಂದು ೨೦೦೯ರ ಸುಮಾರಿನಲ್ಲಿ ದೊಡ್ಡ ಗದ್ದಲವಾದರೂ ಆ ಸಂಪ್ರದಾಯವು ಉಳಿಯಿತು.

೨೦೨೪ರ ದೀಪಾವಳಿ ಕಳೆದ ಮೇಲೆ ಹೊರಟೆನು. ಯಶವಂತಪುರದಿಂದ ಗೋರಖಪುರಕ್ಕೆ ರೈಲು, ಅಲ್ಲಿಂದ ಸೋನೌಲಿಗೆ ಬಸ್ಸು. ಸೋನೌಲಿಯಲ್ಲಿ ಕೈಯಲ್ಲಿ ಚೀಲ ಹಿಡಿದು ಒಂದು ದೊಡ್ಡ ಹೆಬ್ಬಾಗಿಲಿನ ಕೆಳಗೆ ನಡೆದು ಹೋದೆನು, ಪರದೇಶವು ಬಂದಿತ್ತು! ಗಡಿಯಾರವನ್ನು ಹದಿನೈದು ನಿಮಿಷ ಮುಂದಕ್ಕೆ ತಿರುಗಿಸಿಕೊಂಡುದೊಂದೇ ಅದಕ್ಕೆ ಗುರುತು. ವಿಮಾನದಲ್ಲಿ ಹೋಗುವವರು ಮಾತ್ರ ಪಾಸ್‌ಪೋರ್ಟನ್ನಾಗಲಿ ಮತದಾರರ ಗುರುತಿನ ಚೀಟಿಯನ್ನಾಗಲಿ ತಪ್ಪದೆ ಒಯ್ಯಬೇಕು.

ಇಲ್ಲಿಗೆ ನನ್ನ ಬುದ್ಧಿವಂತಿಕೆಯ ಕಥೆ ಮುಗಿದು ದಡ್ಡತನದ ಕಥೆ ಮೊದಲಾಗುತ್ತದೆ. ಗುರುತು ಪರಿಚಯವಿಲ್ಲದ ಊರೆಂದು ಹೆದರಿ, ಸೇವಕರನ್ನು ಕಳುಹಿಸಿಕೊಡುವುದಾಗಿ ಹೇಳಿಕೊಳ್ಳುವ ಒಂದು ಸಂಸ್ಥೆಗೆ ನಾನು ಹೊರಡುವ ಮೊದಲೇ ೨೦,೦೦೦ ರೂಪಾಯಿಗಳನ್ನು ಕಟ್ಟಿದ್ದೆನು. ಕಾಠಮಾಂಡುವಿನ ಒಂದು ಅನಾಥಾಲಯದಲ್ಲಿ ನಾಲ್ಕು ವಾರ ಮಕ್ಕಳಿಗೆ ಪಾಠ ಹೇಳುವುದು, ಊಟ ವಸತಿ ಅವರದು ಎಂಬುದು ಕರಾರು. ಅಲ್ಲಿ ಹದಿನೆಂಟು ಮಕ್ಕಳಿದ್ದರು. ನಾನು ಬಾಗಿಲಲ್ಲಿ ಕಾಲಿಡುತ್ತಲೇ ನಾಲ್ಕೈದು ಪುಟ್ಟ ಮಕ್ಕಳು ಓಡಿ ಬಂದು ಕಾಲಿಗೆ ತೆಕ್ಕೆಬಿದ್ದರು. ನನಗೆ ಕಣ್ಣಲ್ಲಿ ನೀರು ಬಂದಿತು. ಎಷ್ಟು ಪ್ರೀತಿ ಎಂದುಕೊಂಡೆನು. ಎರಡು ದಿನ ಬಿಟ್ಟು ಬೇರೊಂದು ದೇಶದ ಇಬ್ಬರು ತರುಣಿಯರು ಬಂದರು. ಮಕ್ಕಳು ಅವರ ಕಾಲಿಗೂ ಹಾಗೆಯೇ ತೆಕ್ಕೆಬಿದ್ದರು. ಅವರು ವಾರದಲ್ಲಿ ಹೊರಟುಹೋದಾಗ ಒಂದು ಮಗುವೂ ಅಳಲಿಲ್ಲ. ಮೂವತ್ತನಾಲ್ಕು ವರ್ಷ ಮಕ್ಕಳ ನಡುವೆ ಬಾಳಿದವನಿಗೆ, ಅವು ಅಳದೆ ಇದ್ದುದನ್ನು ಕಂಡು ಎದೆ ಧಸಕ್ಕೆಂದಿತು.

ಆರೇಳು ವರ್ಷದ ಒಬ್ಬ ಹುಡುಗನು ನನ್ನ ಬಳಿಯೇ ಸುಳಿಯುತ್ತಿದ್ದನು. ಎಂಟನೆಯ ದಿನ ಸಂಜೆ ಅವನು ಒಂದು ಹಾಳೆಯನ್ನು ತಂದು, ತಾನು ಹೇಳಿದಂತೆ ಬರೆದುಕೊಡಬೇಕೆಂದು ಕೇಳಿದನು. ಯಾರಿಗೆ ಎಂದೆನು. “ಆಮಾಗೆ” ಎಂದನು. ಆಮಾ ಎಂದರೆ ತಾಯಿ. ಅವನು ಹೇಳುತ್ತ ಹೋದಂತೆ ಬರೆದೆನು: ತಾನು ಚೆನ್ನಾಗಿದ್ದೇನೆ, ಆಡು ಮರಿ ಹಾಕಿತೆ, ಮುಂದಿನ ದಸರೆಗಾದರೂ ಕರೆದುಕೊಂಡು ಹೋಗು. ತಾಯಿಯ ಹೆಸರನ್ನೂ ಊರ ಹೆಸರನ್ನೂ ತಪ್ಪಿಲ್ಲದೆ ಹೇಳಿದನು. ಆ ಮನೆಯ ದಫ್ತರದಲ್ಲಿ ಆ ಹುಡುಗನ ಹೆಸರಿನ ಮುಂದೆ, ತಂದೆತಾಯಿ ಇಬ್ಬರೂ ಇಲ್ಲ ಎಂದು ಬರೆದಿದ್ದಿತು.

ಮೇಲ್ವಿಚಾರಕರನ್ನು ಕೇಳಿದೆನು. ಮಕ್ಕಳು ಹೀಗೆಯೇ ಏನಾದರೂ ಕಲ್ಪಿಸಿಕೊಳ್ಳುತ್ತವೆ ಎಂದು ಮೊದಲು ನಕ್ಕರು. ಆಡಿನ ಮಾತನ್ನೂ ಊರಿನ ಮಾತನ್ನೂ ಎತ್ತಿದಾಗ, ಹಳ್ಳಿಯಲ್ಲಿ ಕೂಳಿಲ್ಲದೆ ಸಾಯುವುದಕ್ಕಿಂತ ಇಲ್ಲಿ ಓದುವುದು ಮೇಲಲ್ಲವೆ ಎಂದರು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನೇಪಾಳದ ಇಂಥ ಮನೆಗಳಲ್ಲಿರುವ ಬಹುಪಾಲು ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿರುವುದನ್ನೂ, ಓದಿಸುತ್ತೇವೆಂದು ನಂಬಿಸಿ ದಲ್ಲಾಳಿಗಳು ಬೆಟ್ಟದ ಹಳ್ಳಿಗಳಿಂದ ಮಕ್ಕಳನ್ನು ತರುವುದನ್ನೂ ನಾನು ಆಮೇಲೆ ಓದಿ ತಿಳಿದೆನು. ಕಾಂಬೋಡಿಯಾದಲ್ಲಿಯೂ ಇದೇ ಪಿಡುಗು ಹಬ್ಬಿತ್ತು. ಮಕ್ಕಳು ಪ್ರವಾಸಿಗಳ ನೋಟಕ್ಕಾಗಿ ಇರುವವರಲ್ಲವೆಂದು ಅಲ್ಲಿ ೨೦೧೧ರಲ್ಲಿ ಪ್ರಚಾರವನ್ನೇ ನಡೆಸಬೇಕಾಯಿತು. ಆಸ್ಟ್ರೇಲಿಯಾ ದೇಶವು ೨೦೧೮ರಲ್ಲಿ ಆಧುನಿಕ ಗುಲಾಮಗಿರಿಯ ಕಾಯಿದೆಯನ್ನು ಮಾಡುವಾಗ, ಅನಾಥಾಲಯ ತುಂಬಿಸಲು ಮಕ್ಕಳನ್ನು ಸಾಗಿಸುವುದೂ ಗುಲಾಮಗಿರಿಯ ಒಂದು ಬಗೆಯೆಂದು ಗುರುತಿಸಿತು. ಕಾಯಿದೆಯ ಮಾತು ಅಂತಿರಲಿ. ಕಾಣಿಕೆ ಕೊಡುವ ಅತಿಥಿಗಳು ಬರುತ್ತಿರುವವರೆಗೂ ಅನಾಥರು ಬೇಕಾಗುತ್ತಾರೆ, ಇಲ್ಲದಿದ್ದರೆ ಮಾಡಿಕೊಳ್ಳುತ್ತಾರೆ. ಆ ಹುಡುಗನನ್ನು ಅವನ ತಾಯಿಯಿಂದ ದೂರವಿರಿಸಿದ ಸರಪಣಿಯಲ್ಲಿ ನನ್ನ ೨೦,೦೦೦ ರೂಪಾಯಿಯೂ ಒಂದು ಕೊಂಡಿಯಾಗಿತ್ತು. ನಾನು ಕಳ್ಳನಲ್ಲ, ಆದರೆ ಕಳವಿನ ಮಾಲಿಗೆ ಗಿರಾಕಿಯಾಗಿದ್ದೆನು.

ಮರುದಿನ ಆ ಕಾಗದವನ್ನು ಅಂಚೆಗೆ ಹಾಕಿದೆನು. ಮಕ್ಕಳ ರಕ್ಷಣೆಯನ್ನು ನೋಡಿಕೊಳ್ಳುವ ಸರಕಾರಿ ಕಚೇರಿಗೆ ಹೋಗಿ, ಕಂಡುದನ್ನು ಕಂಡಂತೆ ಬರೆದುಕೊಟ್ಟು, ಸ್ವೀಕೃತಿಯ ಚೀಟಿಯನ್ನು ಪಡೆದು, ಆ ಮನೆಯನ್ನು ಬಿಟ್ಟೆನು. ಹೊರಡುವಾಗ ಆ ಹುಡುಗನು ನನ್ನ ಕಡೆಗೆ ನೋಡಲೂ ಇಲ್ಲ. ಹೋಗುವವರನ್ನು ನೋಡಬಾರದೆಂದು ಅವನು ಆ ವಯಸ್ಸಿಗೇ ಕಲಿತಿದ್ದನು.

ಮೂರು ದಿನ ಅಗ್ಗದ ಛತ್ರವೊಂದರಲ್ಲಿ ಕಳೆದೆನು. ಊರಿಗೆ ಹಿಂದಿರುಗುವುದೆಂದೇ ನಿಶ್ಚಯಿಸಿದ್ದಾಗ, ಪುಸ್ತಕ ಕೊಳ್ಳಲು ರಾಜಧಾನಿಗೆ ಬಂದಿದ್ದ ಗೋರ್ಖಾ ಜಿಲ್ಲೆಯ ಒಬ್ಬ ಮುಖ್ಯೋಪಾಧ್ಯಾಯರ ಪರಿಚಯವು ಚಹಾದಂಗಡಿಯಲ್ಲಿ ಆಯಿತು. ೨೦೧೫ರ ಏಪ್ರಿಲ್ ೨೫ರಂದು ಸುಮಾರು ೯,೦೦೦ ಜನರನ್ನು ಬಲಿ ತೆಗೆದುಕೊಂಡ ಭೂಕಂಪದ ಕೇಂದ್ರವು ಆ ಜಿಲ್ಲೆಯ ಬಾರ್ಪಾಕಿನ ಬಳಿ ಇದ್ದಿತು. ಅವರ ಶಾಲೆಯೂ ಆಗ ಬಿದ್ದು, ಮತ್ತೆ ಎದ್ದಿತ್ತು. ನನ್ನ ಕಥೆಯನ್ನೆಲ್ಲ ಕೇಳಿ ಅವರು, “ಬನ್ನಿ, ಆದರೆ ನಮ್ಮ ಮಕ್ಕಳಿಗೆ ನೀವು ಪಾಠ ಹೇಳುವುದು ಬೇಡ” ಎಂದರು. ನನಗೆ ಮುಖಭಂಗವಾಯಿತು. ಅವರೇ ವಿವರಿಸಿದರು: “ನೀವು ಒಂದು ತಿಂಗಳು ಚೆನ್ನಾಗಿ ಪಾಠ ಹೇಳಿ ಹೋಗುವಿರಿ. ಆಮೇಲೆ ಹುಡುಗರು ನಮ್ಮ ಮೇಷ್ಟರ ಮಾತನ್ನು ಕೇಳುವುದಿಲ್ಲ. ಅವನು ಚರಿತ್ರೆ ಓದಿದವನು. ಗಣಿತಕ್ಕೆ ಯಾರೂ ಸಿಕ್ಕದೆ ಅವನ ತಲೆಗೆ ಕಟ್ಟಿದ್ದೇವೆ. ನೀವು ಅವನಿಗೆ ಹೇಳಿಕೊಡಿ. ಅವನು ಇಲ್ಲಿಯೇ ಇರುವವನು.”

ಒಂದು ತಿಂಗಳು ನಾನು ಮಾಡಿದ್ದು ಅದನ್ನೇ. ಹಗಲು ತರಗತಿಯ ಕೊನೆಯ ಬೆಂಚಿನಲ್ಲಿ ಹುಡುಗರ ನಡುವೆ ಕುಳಿತುಕೊಳ್ಳುತ್ತಿದ್ದೆನು. ಸಂಜೆ ಆ ತರುಣನೊಡನೆ ಮಾರನೆಯ ದಿನದ ಪಾಠವನ್ನು ಸಿದ್ಧಪಡಿಸುತ್ತಿದ್ದೆನು. ಸಮೀಕರಣವನ್ನು ತಕ್ಕಡಿಯಿಟ್ಟು ತೋರಿಸುವುದು ನನ್ನ ಹಳೆಯ ಉಪಾಯ: ಒಂದು ತಟ್ಟೆಯಿಂದ ತೆಗೆದುದನ್ನು ಇನ್ನೊಂದರಿಂದಲೂ ತೆಗೆಯಬೇಕು. ಅವನು ಅದನ್ನು ಕಲಿತು, ವಾರದೊಳಗೆ ತಕ್ಕಡಿಯ ಬದಲಿಗೆ ಹೆಗಲಮೇಲಿನ ಅಡ್ಡೆಯ ಉದಾಹರಣೆಯನ್ನು ಕೊಟ್ಟನು. ಎರಡು ಕಡೆಯೂ ತೂಕ ಸಮವಿಲ್ಲದಿದ್ದರೆ ಹೊತ್ತವನು ಮುಗ್ಗರಿಸುವನೆಂಬುದು ಬೆಟ್ಟದ ಮಕ್ಕಳಿಗೆ ಹೇಳದೆಯೇ ಗೊತ್ತು. ಇಡೀ ತರಗತಿಯು ನಕ್ಕು ಅರ್ಥ ಮಾಡಿಕೊಂಡಿತು. ನನ್ನ ಮೂವತ್ತನಾಲ್ಕು ವರ್ಷಗಳ ಉಪಾಯಕ್ಕಿಂತ ಅವನ ಎಂಟು ದಿನದ ಉಪಾಯವು ಮೇಲಾಯಿತು. ಇಷ್ಟು ಸಂತೋಷವನ್ನು ಕೊಟ್ಟ ಸೋಲು ನನಗೆ ಬೇರೊಂದಿಲ್ಲ.

ನಾನು ಉಳಿದುಕೊಂಡದ್ದು ಒಬ್ಬ ಮುದುಕಿಯ ಮನೆಯಲ್ಲಿ; ಊಟ ವಸತಿಗೆ ದಿನಕ್ಕೆ ೮೦೦ ನೇಪಾಳಿ ರೂಪಾಯಿ, ಎಂದರೆ ನಮ್ಮ ೫೦೦. ಎಲ್ಲರೂ ಆಕೆಯನ್ನು ಆಮಾ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆನು. ಬೆಳಗ್ಗೆ ಹತ್ತರ ಹೊತ್ತಿಗೊಮ್ಮೆ, ರಾತ್ರಿಯೊಮ್ಮೆ, ಬೇಳೆ ಅನ್ನ ಪಲ್ಯಗಳ ಊಟ. ಒಂದು ರಾತ್ರಿ ತಟ್ಟೆಯಲ್ಲಿ ಕಪ್ಪಗಿನ ಒಂದು ಗುಡ್ಡೆಯನ್ನು ಕಂಡು ಬೆರಗಾದೆನು. ಅವರು ಕೋದೊ ಎನ್ನುವುದು ನಮ್ಮ ರಾಗಿಯನ್ನೇ. ಅದರ ಹಿಟ್ಟನ್ನು ತೊಳಸಿದ ಢಿಂಡೊ ನಮ್ಮ ಮುದ್ದೆಗೆ ಒಡಹುಟ್ಟು. ಅನ್ನವಿಲ್ಲದ ದಿನ ಬಡವರ ಊಟವನ್ನು ಅತಿಥಿಗೆ ಬಡಿಸಬೇಕಾಯಿತಲ್ಲ ಎಂದು ಆಕೆ ಸಂಕೋಚಪಡುತ್ತಿದ್ದಳು. ನಾನು ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗಿದುದನ್ನು ಕಂಡು ಬಾಯಿಗೆ ಸೆರಗು ಹಚ್ಚಿಕೊಂಡು ನಕ್ಕಳು. ಅಂದಿನಿಂದ ನಾನು ಆ ಮನೆಯ ಅತಿಥಿಯಾಗಿ ಉಳಿಯಲಿಲ್ಲ. ದಾರಿಯಲ್ಲಿ ಕಂಡವರೆಲ್ಲ “ಭಾತ್ ಖಾನುಭಯೊ?” ಎಂದು ಕೇಳುತ್ತಿದ್ದರು. ನಮ್ಮ “ಊಟವಾಯಿತೆ?” ಎಂಬ ಮಾತೇ ಅದು.

ನಾನಿದ್ದಾಗ ಅಲ್ಲಿ ಶನಿವಾರವೇ ವಾರದ ಬಿಡುವು. ಒಂದು ಶನಿವಾರ ಶಾಲೆಯ ಹಿಂದಿನ ಕುಸಿದ ಗೋಡೆಗೆ ಊರವರೆಲ್ಲ ಕಲ್ಲು ಹೊತ್ತರು. ನನ್ನ ಪಾಲಿಗೆ ಚಿಕ್ಕ ಕಲ್ಲುಗಳನ್ನೇ ಕೊಟ್ಟರು. ಆಗ ಸ್ವಿಟ್ಜರ್ಲೆಂಡಿನ ಪಿಯರ್ ಸೆರೆಸೋಲ್ ಎಂಬ ಎಂಜಿನಿಯರನ ನೆನಪಾಯಿತು. ಮೊದಲನೆಯ ಮಹಾಯುದ್ಧವು ಮುಗಿದ ಮೇಲೆ ೧೯೨೦ರಲ್ಲಿ, ವೆರ್ಡನ್ನಿನ ಬಳಿ ಹಾಳಾಗಿದ್ದ ಹಳ್ಳಿಯೊಂದನ್ನು ಕಟ್ಟಲು ಹಲವು ದೇಶಗಳ ಗೆಳೆಯರೊಡನೆ ಹೋದವನು ಅವನು. ಸರ್ವಿಸ್ ಸಿವಿಲ್ ಇಂಟರ್‌ನ್ಯಾಷನಲ್ ಎಂಬ ಸೇವಾಸಂಸ್ಥೆಯು ಹಾಗೆ ಹುಟ್ಟಿತು. ೧೯೩೪ರ ಜನವರಿಯಲ್ಲಿ ಬಿಹಾರವನ್ನೂ ನೇಪಾಳವನ್ನೂ ಭೂಕಂಪವು ನಡುಗಿಸಿದಾಗ ಅವನು ಬಿಹಾರಕ್ಕೆ ಬಂದು, ಮನೆ ಕಳೆದುಕೊಂಡವರ ಜೊತೆಯಲ್ಲಿ ಮಣ್ಣು ಹೊತ್ತನು. ನೇಪಾಳದವರು ಆ ಭೂಕಂಪವನ್ನು ತಮ್ಮ ವಿಕ್ರಮ ಶಕದ ೧೯೯೦ನೆಯ ವರ್ಷದಿಂದ ಗುರುತಿಸಿ, ‘ತೊಂಬತ್ತರ ಭೂಕಂಪ’ ಎನ್ನುತ್ತಾರೆ. ಹೊರಗಿನವನ ಸೇವೆಗೆ ಇದೇ ಮಾದರಿಯೆಂದು ನನಗೆ ತೋರಿತು: ಕೆಲಸ ಊರವರದು, ಮುಂದಾಳು ಊರವನು, ಬಂದವನು ಒಂದು ಹೆಗಲು ಮಾತ್ರ.

ಇನ್ನು ಖರ್ಚಿನ ಲೆಕ್ಕ. ಹೋಗಿಬರುವ ದಾರಿಯ ಖರ್ಚು ೫,೦೦೦. ಹಳ್ಳಿಯ ಮೂವತ್ತು ದಿನಕ್ಕೆ ೧೫,೦೦೦. ರಾಜಧಾನಿಯ ವಸತಿ ಮತ್ತು ಚಿಲ್ಲರೆ ೪,೦೦೦. ಮಧ್ಯಸ್ಥ ಸಂಸ್ಥೆಗೆ ಕೊಟ್ಟದ್ದು ೨೦,೦೦೦. ಒಟ್ಟು ೪೪,೦೦೦. ಕೊನೆಯದೊಂದನ್ನು ಬಿಟ್ಟರೆ ೨೪,೦೦೦ಕ್ಕೆ ಆರು ವಾರದ ಪರದೇಶವಾಸವು ಮುಗಿಯುತ್ತಿತ್ತು.

ನನ್ನಂತೆ ಹೊರಡುವ ಗೃಹಸ್ಥರಿಗೆ ನಾಲ್ಕು ಮಾತು ಹೇಳುವ ಅಧಿಕಾರವನ್ನು ಈ ನಷ್ಟವು ನನಗೆ ಕೊಟ್ಟಿದೆ ಎಂದು ಭಾವಿಸುತ್ತೇನೆ. ಅಗ್ಗವೆಂಬುದನ್ನು ಅಕ್ಕಿಯ ದರದಿಂದಲೇ ಅಳೆಯಬೇಡಿರಿ. ಒಂದು ತಿಂಗಳ ವಸತಿ, ಸರಕಾರಿ ಶುಲ್ಕ, ಮಧ್ಯಸ್ಥರ ಪಾಲು, ಎಲ್ಲವನ್ನೂ ಕೂಡಿಸಿ ನೋಡಿರಿ. ಹಲವು ದೇಶಗಳಲ್ಲಿ ಸಂಬಳವಿಲ್ಲದ ಕೆಲಸವನ್ನೂ ಕೆಲಸವೆಂದೇ ಎಣಿಸುವರು. ಪ್ರವಾಸಿಯ ವೀಸಾ ಅದಕ್ಕೆ ಸಾಲದು, ಮೊದಲೇ ವಿಚಾರಿಸಿರಿ. ಹಣ ಕೇಳುವವರನ್ನು ಅದರಲ್ಲಿ ಊರಿಗೆ ಎಷ್ಟು, ನಿಮಗೆ ಎಷ್ಟು ಎಂದು ಕೇಳಿರಿ, ಹೇಳಲಾರದವರಿಗೆ ಕೊಡಬೇಡಿರಿ. ಗುರುತಿಲ್ಲದವರ ಕೈಗೆ ಮಕ್ಕಳನ್ನು ಒಪ್ಪಿಸುವ ಮನೆಗೆ ಕಾಲಿಡಬೇಡಿರಿ. ನಮ್ಮ ಮಕ್ಕಳನ್ನು ನಾವು ಹಾಗೆ ಒಪ್ಪಿಸುವೆವೆ? ಎಲ್ಲಕ್ಕಿಂತ ಮಿಗಿಲಾಗಿ, ನಾನು ಹೋದಮೇಲೆ ಈ ಕೆಲಸವನ್ನು ಮಾಡುವವರು ಯಾರು ಎಂಬುದನ್ನು ಕೇಳಿಕೊಂಡು ಕೈಯಿಕ್ಕಿರಿ.

ಊರಿಗೆ ಬಂದಮೇಲೆ ಲೆಕ್ಕದ ಪುಸ್ತಕವನ್ನು ಮನೆಯಾಕೆಯ ಮುಂದೆ ಇಟ್ಟೆನು. ಆ ೨೦,೦೦೦ ರೂಪಾಯಿಯನ್ನು ಯಾವ ಬಾಬಿಗೆ ಸೇರಿಸುವುದೆಂದು ತಿಳಿಯದೆ ಖಾಲಿ ಬಿಟ್ಟಿದ್ದೆನು. ಆಕೆಯು ಹುಡುಗನ ಕಥೆಯನ್ನು ಪೂರ್ತಿ ಕೇಳಿ, ಬಹಳ ಹೊತ್ತು ಸುಮ್ಮನಿದ್ದು, “ಶಾಲೆಯ ಫೀಜು ಎಂದು ಬರೆಯಿರಿ” ಎಂದಳು. ಹಾಗೆಯೇ ಬರೆದಿದ್ದೇನೆ.

ಆ ಕಾಗದವು ಅವನ ತಾಯಿಗೆ ಮುಟ್ಟಿತೋ ಇಲ್ಲವೋ ತಿಳಿಯದು. ಕಚೇರಿಗೆ ಎರಡು ಸಲ ಬರೆದೆನು, ಉತ್ತರ ಬರಲಿಲ್ಲ, ಮೂರನೆಯದನ್ನು ಬರೆದಿಟ್ಟಿದ್ದೇನೆ. ಗೋರ್ಖಾದ ತರುಣ ಉಪಾಧ್ಯಾಯನು ಮಾತ್ರ ಕಠಿಣವಾದ ಲೆಕ್ಕ ಬಂದಾಗಲೆಲ್ಲ ನನಗೆ ಬರೆಯುತ್ತಾನೆ. ಈಗ ವಾರಕ್ಕೆ ಮೂರು ದಿನ ನಮ್ಮ ಬೀದಿಯ ಕೊನೆಯ ಶಾಲೆಗೆ ಹೋಗುತ್ತೇನೆ. ಪಾಠ ಹೇಳುವುದಿಲ್ಲ, ಕೊನೆಯ ಬೆಂಚಿನಲ್ಲಿ ಕುಳಿತುಕೊಳ್ಳುತ್ತೇನೆ. ಅಲ್ಲಿಯ ಮೇಷ್ಟರಿಗೂ ಸಂಜೆಯ ಹೊತ್ತು ಒಬ್ಬ ಜೊತೆಗಾರನು ಬೇಕಾಗಿದ್ದನು. ಇದನ್ನು ತಿಳಿಯಲು ಗಡಿ ದಾಟಬೇಕಾಗಿತ್ತೆ ಎಂದು ಮನೆಯಾಕೆ ಕೇಳಿದರೆ, ಬೇರೆಯವರಿಗೆ ಬೇಕಾಗಿರಲಿಲ್ಲ, ನನಗೆ ಬೇಕಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ.